ಹೊಲಿಗೆ ಬಿಚ್ಚೋವರೆಗೆ ನಗೋ ಹಾಗಿಲ್ಲ

"ನೋಡ್ರಪ್ಪ, ಡಾಕ್ಟ್ರು ಏನಂದ್ರು? ಹೊಲಿಗೆ ಬಿಚ್ಚೋವರೆಗೆ ಕೆಮ್ಮಬಾರದು, ಭಾರ ಎತ್ತಬಾರದು, ನಗಬಾರದು. ಕೆಮ್ಮು ನನಗೆ ಬರೋದೇ ಇಲ್ಲ. ಭಾರ ಅಂದ್ರೆ, ಕತ್ತರಿ ಬಿಟ್ಟು ಬೇರೆ ಏನೂ ಎತ್ತಿದೋನಲ್ಲ ನಾನು. ಉಳಿದಿದ್ದು ನಗು ಒಂದೇ. ಬೇಡ ಅಂದಾಗಿಂದ ಹಾಳಾದ್ದು ಇದ್ದಬದ್ದದ್ದಕ್ಕೆಲ್ಲ ಬರ್ತಿದೆ. ನೋಡೋಕೆ ಬಂದೋರು ಬಾಗಿಲಲ್ಲೇ ಮುಖ ಗಂಟು ಹಾಕ್ಕೊಂಡು ಒಳಗೆ ಬರ್ತಾರೆ, ಎಲ್ಲಿ ನಾನು ನಕ್ಕುಬಿಡ್ತೀನೋ ಅಂತ. ಸತ್ತೋರ ಮನೆಗೆ ಬಂದ ಹಾಗೆ. ಅದನ್ನ ನೋಡಿದ್ರೆ ಇನ್ನಷ್ಟು ನಗು. ಹೋಗ್ಲಿ, ಟಿವಿ ಹಾಕಿದ್ರೆ ಬರೀ ಅಳೋ ಧಾರಾವಾಹಿ. ಅತ್ತರೂ ಹೊಟ್ಟೆ ಅಲ್ಲಾಡುತ್ತೆ. ಮಲಗಿ ಮಲಗಿ ಬೆನ್ನು ಹಲಗೆ ಆಗಿದೆ. ನೀವಿಬ್ಬರೂ ಹಾಸ್ಯ ಅಂದ್ರೆ ಪ್ರಾಣ ಬಿಡೋರು. ಅದಕ್ಕೇ ಕೇಳ್ತಿದೀನಿ, ನಗು ಬರದೇ ಇರೋಂಥ ಹಾಸ್ಯ ಕಾರ್ಯಕ್ರಮ ಯಾವುದಾದ್ರೂ ಇದ್ರೆ ಹೇಳಿ. ಹೊತ್ತು ಕಳೀತೀನಿ."

ಇಷ್ಟು ಹೇಳಿ ಟೈಲರ್ ಹೊಟ್ಟೆಯ ಮೇಲಿದ್ದ ದಿಂಬನ್ನು ಸರಿಮಾಡಿಕೊಂಡ. ಹರ್ನಿಯಾ ಆಪರೇಷನ್ ಮುಗಿಸಿಕೊಂಡು ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದ. ಮನೆಯೆಂದರೆ ಒಂದೇ ಉದ್ದನೆಯ ಕೋಣೆ. ಮುಂದೆ ಹೊಲಿಗೆ ಮಿಷನ್ನು, ನಡುವೆ ಮಂಚ, ಹಿಂದೆ ಪ್ಲೈವುಡ್ ಅಡ್ಡ ಹೊಡೆದು ಮಾಡಿಕೊಂಡ ಅಡುಗೆಮನೆ. ಅಡ್ಡಗೋಡೆ ಎದೆಯೆತ್ತರಕ್ಕೆ ಬರುವಷ್ಟರಲ್ಲಿ ಹಲಗೆ ಮುಗಿದುಹೋಗಿತ್ತು. ಬಾಗಿಲು ಮಾತ್ರ ಆಳೆತ್ತರದ್ದು, ಚೌಕಟ್ಟು ಚಿಲಕ ಸಮೇತ. ಯಾರೋ ಹಳೇ ಮನೆ ಕೆಡವಿದಾಗ ಸಿಕ್ಕಿದ್ದು. ನಾನು ಮಂಚದ ಪಕ್ಕ ಕೂತು, ಅವನು ಅರ್ಧಕ್ಕೆ ಬಿಟ್ಟಿದ್ದ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆ. ಅವನ ಅಂಗಡಿಯಲ್ಲಿ ನನ್ನದು ಅದೇ ಕೆಲಸ.

ಹೆಂಡತಿ: ಅಷ್ಟೇ ತಾನೆ? ನನ್ನ ತಮ್ಮ ಟಿವೀಲಿ ನೋಡ್ತಾನಲ್ಲ "ಏನೂ ಆಗಿಲ್ಲ" ಅಂತ, ಅದನ್ನ ಹಾಕ್ಕೊಳ್ಳಿ. ಐಸಿಯುನಲ್ಲಿ ಹಾಕಿದ್ರೂ ಯಾರಿಗೂ ಏನೂ ಆಗಲ್ಲ.

ಡ್ಯೂಟಿ ಮುಗಿಸಿ ಭಾವನನ್ನು ನೋಡಲು ಬಂದಿದ್ದ ಕಂಡಕ್ಟರ್ ಬಾಮೈದ ಕುರ್ಚಿಯಿಂದ ಅರ್ಧ ಎದ್ದ.

ಬಾಮೈದ: ಏನಕ್ಕ ಹಿಂಗಂತೀಯ? ಅದನ್ನ ನೋಡಿ ನಮ್ಮ ಡ್ರೈವರಿಗೆ ಪಕ್ಕೆ ಹಿಡ್ಕೊಂಡಿತ್ತು. ಹೊಲಿಗೆ ಇಲ್ಲದ ಪಕ್ಕೆ. ಭಾವನಿಗೆ ತೋರಿಸಿದ್ರೆ ಕೊಲೆ ಕೇಸಾಗುತ್ತೆ. ಬೇಕಿದ್ರೆ ನಿನ್ನ ರೇಡಿಯೋದ "ಹೆಬ್ಬಾಗಿಲು" ಕೇಳಿಸು. ಅದ್ರಲ್ಲಿ ಅರ್ಧ ಹೊತ್ತು ಯಾರೂ ಮಾತೇ ಆಡಲ್ಲ.

ಹೆಂಡತಿ: ಮಾತಾಡದೇ ಇರೋದೇ ಕಣೋ ಅದ್ರಲ್ಲಿ ತಮಾಷೆ.

ಬಾಮೈದ: ಹಾಗಾದ್ರೆ ರೇಡಿಯೋ ಆಫ್ ಮಾಡು, ಇನ್ನೂ ತಮಾಷೆ.

ಟೈಲರ್: ಕಿತ್ತಾಡಬೇಡಿ. ಒಬ್ಬೊಬ್ಬರಾಗಿ ಹೇಳಿ. ಯಾವುದರಲ್ಲಿ ನಗು ಕಡಿಮೆ ಅಂತ ನಾನೇ ಅಳತೆ ತಗೋತೀನಿ.

ಬಾಮೈದ: ಆಮೇಲೆ ನನ್ನ ಅನ್ನಬೇಡಿ ಭಾವ. ಕೋಟು ಹಾಕ್ಕೊಂಡ ವಾರ್ತೆಯವನು ಬಂದು ಕೂರ್ತಾನೆ. "ಇಂದು ಎಲ್ಲಿಯೂ ಏನೂ ಆಗಿಲ್ಲ. ಹೆಚ್ಚಿನ ವಿವರಗಳಿಗಾಗಿ ಸ್ಥಳದಲ್ಲಿರುವ ನಮ್ಮ ವರದಿಗಾರರನ್ನು ಕೇಳೋಣ" ಅಂತಾನೆ. ವರದಿಗಾರ ಮೈಕ್ ಹಿಡ್ಕೊಂಡು ಒಂದು ಸೈಕಲ್ ಪಕ್ಕ ನಿಂತಿರ್ತಾನೆ. "ಹೌದು, ಸೈಕಲ್ ಬೆಳಗ್ಗೆಯಿಂದ ಇದ್ದಲ್ಲೇ ಇದೆ. ಸ್ಟ್ಯಾಂಡ್ ಹಾಕಲಾಗಿದೆ. ಸದ್ಯಕ್ಕೆ ಇಷ್ಟೇ ತಿಳಿದುಬಂದಿದೆ."

ಬಾಮೈದ ಕಣ್ಣರಳಿಸಿ ಕಾದ. ಟೈಲರ್ ಸೂರು ನೋಡುತ್ತ ಯೋಚಿಸಿದ.

ಟೈಲರ್: ಬೀಗ ಹಾಕಿತ್ತಾ?

ಬಾಮೈದ: ಯಾವುದಕ್ಕೆ?

ಟೈಲರ್: ಸೈಕಲ್ಲಿಗೆ. ಬೆಳಗ್ಗೆಯಿಂದ ನಿಂತಿದೆ ಅಂತೀಯ.

ಬಾಮೈದ: ಭಾವ, ಅದು ಬೀಗದ ವಿಷಯ ಅಲ್ಲ.

ಟೈಲರ್: ಹಾಗಂದ್ಕೊಂಡೇ ನನ್ನ ಸೈಕಲ್ ಹೋಗಿದ್ದು.

ಹೆಂಡತಿ: ನೋಡಿದ್ಯಾ? ದಿಂಬು ಕೂದಲೆಳೆಯಷ್ಟೂ ಅಲ್ಲಾಡ್ಲಿಲ್ಲ. ಬೆಳಗ್ಗೆ ಒಂದು ಸಂಜೆ ಒಂದು, ಮಾತ್ರೆ ಥರ ನೋಡಬಹುದು.

ಬಾಮೈದ: ನಾನು ಹೇಳಿದ್ದು ಸರಿಯಾಗಲಿಲ್ಲ. ಎಲ್ಲಿ, ನಿನ್ನದು ಹೇಳು ನೋಡೋಣ.

ಹೆಂಡತಿ: ನಂದು ಬೇಡಪ್ಪ. ವಾರ ವಾರ ನನ್ನ ಪಕ್ಕ ಕೂತು ಎಷ್ಟು ನಗ್ತಾರೆ ಅಂತ ನಾನು ಬಲ್ಲೆ. ಈಗಲೂ ಇನ್ನೊಂದು ಗಳಿಗೆಗೆ ಶುರುವಾಗುತ್ತೆ, ಅದಕ್ಕೇ ರೇಡಿಯೋ ಹಾಕದೇ ಕೂತಿದೀನಿ.

ಬಾಮೈದ: ಹೆದರಿಕೆ. ನಗಲ್ಲ ಅಂತ.

ಹೆಂಡತಿ: ಯಾರಿಗೆ ಹೆದರಿಕೆ? ರೀ, ದಿಂಬು ಗಟ್ಟಿ ಹಿಡ್ಕೊಳ್ಳಿ. ಇಬ್ಬರು ಕಾವಲುಗಾರರು ಒಂದು ದೊಡ್ಡ ಗೇಟು ಕಾಯ್ತಿರ್ತಾರೆ. ಗೇಟಿನ ಎರಡೂ ಕಡೆ ಗೋಡೆ ಇಲ್ಲ, ಬೇಲಿ ಇಲ್ಲ, ಬಟ್ಟಬಯಲು. ಯಾರೋ ಒಬ್ಬ ಗೇಟಿನ ಪಕ್ಕದಲ್ಲೇ ನಡ್ಕೊಂಡು ಒಳಗೆ ಹೋಗ್ತಾನೆ. ಇಬ್ಬರೂ ಸುಮ್ಮನಿರ್ತಾರೆ. ಬಹಳ ಹೊತ್ತಿನ ಮೇಲೆ ಒಬ್ಬ, "ಅವನು ಒಳಗೆ ಬಂದ" ಅಂತಾನೆ. ಇನ್ನೊಬ್ಬ, "ಎಲ್ಲಿ ಬಂದ, ಗೇಟು ಹಾಕಿದೆಯಲ್ಲ."

ಟೈಲರ್: ಗೋಡೆ ಯಾಕಿಲ್ಲ?

ಹೆಂಡತಿ: ಏನು?

ಟೈಲರ್: ಗೇಟು ಕೂರಿಸೋಕೆ ಮುಂಚೆ ಗೋಡೆ ಎಬ್ಬಿಸಬೇಕಲ್ಲ. ಗಾರೆಯವನು ಕೈಕೊಟ್ನಾ?

ಬಾಮೈದ ಮೀಸೆಯಡಿಯಲ್ಲೇ ನಕ್ಕ. ಹೆಂಡತಿ ನಗಲಿಲ್ಲ.

ಹೆಂಡತಿ: ಇಷ್ಟು ವರ್ಷ ಕೇಳಿ, ಗೋಡೆ ಯಾಕಿಲ್ಲ ಅಂತ ಇವತ್ತು ಕೇಳ್ತಿದೀರ? ಮತ್ತೆ ವಾರ ವಾರ ನಕ್ಕಿದ್ದು ಯಾವುದಕ್ಕೆ?

ಟೈಲರ್: ನೀನು ನಗ್ತಿದ್ದೆಯಲ್ಲ.

ಹೆಂಡತಿ: ಅಂದ್ರೆ ನನ್ನ ನೋಡಿ ನಕ್ಕಿದ್ದಾ?

ಟೈಲರ್: ಹಾಗಲ್ವೇ. ನಿನಗೆ ಮೊದಲು ಭುಜ ಅಲ್ಲಾಡುತ್ತೆ, ಸದ್ದಿಲ್ಲದೆ. ಆಮೇಲೆ ಮೂಗಿನಿಂದ ಕುಕ್ಕರ್ ಉಸಿರು ಬಿಟ್ಟ ಹಾಗೆ ಒಂದು ಸೀಟಿ. ಆಮೇಲೆ ಪಕ್ಕದಲ್ಲಿ ಯಾರಿದ್ರೂ ಸರಿ, ತೊಡೆ ಮೇಲೆ ಒಂದು ಏಟು. ಕಲ್ಲಾದ್ರೂ ನಗುತ್ತೆ ಹೇಳು.

ಬಾಮೈದ: ಅದು ನಿಜ ಅಕ್ಕ. ನಾನೂ ಏಟು ತಿಂದಿದೀನಿ.

ಹೆಂಡತಿ: ನೀನು ಬಾಯ್ಮುಚ್ಚು. ನೋಡಿ ದೊಡ್ಡಮ್ಮ ಇವರನ್ನ. ಉಪ್ಪಿನಲ್ಲಿ ಒಪ್ಪಲ್ಲ, ಫ್ಯಾನಿನಲ್ಲಿ ಒಪ್ಪಲ್ಲ, ಕಿಟಕಿ ತೆಗೀಬೇಕೋ ಹಾಕಬೇಕೋ ಅದರಲ್ಲೂ ಒಪ್ಪಲ್ಲ. ಹೋಗ್ಲಿ, ಇದೊಂದಕ್ಕಾದ್ರೂ ಇಬ್ಬರೂ ಒಟ್ಟಿಗೆ ನಗ್ತೀವಲ್ಲ ಅಂದ್ಕೊಂಡಿದ್ದೆ. ಅದೂ ನಾನೊಬ್ಬಳೇನಾ?

ದೊಡ್ಡಮ್ಮ ಅಂದಿದ್ದು ನನಗೆ. ನಾನು ಹಲ್ಲಿನಿಂದ ದಾರ ಕಡಿದೆ. ಅವಳು ರೇಡಿಯೋವನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದಳು.

ಟೈಲರ್: ಎಲ್ಲಿಗೆ?

ಹೆಂಡತಿ: ಒಳಗೆ. ನನ್ನ ಪಾಡಿಗೆ ಕೇಳ್ಕೊಂಡು ಪಾತ್ರೆ ತೊಳೀತೀನಿ. ಯಾರ ಹೊಲಿಗೆಗೂ ನನ್ನಿಂದ ತೊಂದರೆ ಬೇಡ. ಲೋ, ಬಾಗಿಲಲ್ಲಿ ನಿಂತ್ಕೋ. ನಿಮ್ಮ ಭಾವನಿಗೆ ನನ್ನ ಮುಖ ಕಾಣಬಾರದು.

ಬಾಗಿಲು ದಡಾರನೆ ಹಾಕಿಕೊಂಡಿತು. ಚಿಲಕವೂ ಬಿತ್ತು. ಅಡ್ಡಗೋಡೆಯ ಮೇಲೆ ಅವಳ ತಲೆಯೂ ಭುಜವೂ ಸಿಂಕಿನ ಕಡೆ ಹೋಗುವುದು ಎಲ್ಲರಿಗೂ ಕಾಣುತ್ತಿತ್ತು. ಬಾಮೈದ ಅಕ್ಕ ಹೇಳಿದಂತೆ ಬಾಗಿಲಿಗೆ ಬೆನ್ನು ಕೊಟ್ಟು, ಕೈಕಟ್ಟಿ ನಿಂತ. ರೇಡಿಯೋದಲ್ಲಿ "ಹೆಬ್ಬಾಗಿಲು" ಶುರುವಾಯಿತು. ಕಾವಲುಗಾರರು ಎರಡು ಮಾತಾಡಿ ಸುಮ್ಮನಾದರು.

ಟೈಲರ್: (ಮೆಲ್ಲಗೆ) ಲೋ, ಅಳ್ತಿದಾಳೇನೋ ನೋಡು.

ಬಾಮೈದ: ಹೇಗೆ ನೋಡಲಿ ಭಾವ, ಬಾಗಿಲು ಹಾಕಿದೆಯಲ್ಲ.

ಅಷ್ಟರಲ್ಲಿ ಅಡ್ಡಗೋಡೆಯ ಮೇಲಿಂದ ಒಂದು ಒದ್ದೆ ಕೈ ಈಚೆ ಬಂತು.

ಹೆಂಡತಿ: ಅಲ್ಲಿ ಮಂಚದ ಹತ್ರ ಔಷಧಿ ಕುಡಿದ ಲೋಟ ಇದೆ, ಕೊಡೋ.

ಬಾಮೈದ ಲೋಟ ತಂದು ಗೋಡೆಯ ಮೇಲಿಂದ ಅವಳ ಕೈಗೆ ಕೊಟ್ಟ. ಮತ್ತೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಟೈಲರ್ ಬಾಮೈದನನ್ನು ನೋಡಿದ. ಚಿಲಕ ಹಾಕಿದ ಬಾಗಿಲನ್ನು ನೋಡಿದ. ಪಕ್ಕದಲ್ಲಿ ಲೋಟ ತೊಳೆಯುತ್ತಿದ್ದ ಹೆಂಡತಿಯ ತಲೆಯನ್ನು ನೋಡಿದ.

ಟೈಲರ್: ಲೋ. ಆ ಲೋಟ ಒಳಗೆ ಹೋಯ್ತಾ?

ಬಾಮೈದ: ಎಲ್ಲಿಂದ ಹೋಗುತ್ತೆ ಭಾವ, ನಾನು ಇಲ್ಲೇ ನಿಂತಿದೀನಲ್ಲ.

ಮೊದಲು ಟೈಲರನ ಭುಜ ಅಲ್ಲಾಡಿತು, ಸದ್ದಿಲ್ಲದೆ. ಆಮೇಲೆ ಮೂಗಿನಿಂದ ಒಂದು ಸೀಟಿ ಬಂತು. ಆಮೇಲೆ ಒಂದು ಕೈಯಲ್ಲಿ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಇನ್ನೊಂದರಿಂದ ನನ್ನ ಭುಜಕ್ಕೆ ಒಂದು ಏಟು ಕೊಟ್ಟ. ನನ್ನ ಸೂಜಿ ಎಲ್ಲೋ ಹೋಯಿತು.

ಹೆಂಡತಿ: (ಗೋಡೆಯ ಮೇಲಿಂದ) ನಾನು ನಕ್ಕಿಲ್ಲ. ಭುಜ ಕೂಡ ಅಲ್ಲಾಡಿಸಿಲ್ಲ. ದೊಡ್ಡಮ್ಮ, ನೀವೇ ಸಾಕ್ಷಿ.

ಟೈಲರ್: ಗೋಡೆ... ಗೋಡೆ ಇಲ್ಲ ಕಣೇ.

ಹೆಂಡತಿ: ಏನಂದ್ರಿ?

ಟೈಲರ್: ಗೇಟು ಹಾಕಿದೆ. ಇವನು ಕಾಯ್ತಿದಾನೆ. ಅಯ್ಯೋ, ಅಯ್ಯಯ್ಯೋ.

ಅವಳು ಚಿಲಕ ತೆಗೆದು ಓಡಿ ಬಂದಳು. ಮುಖದಲ್ಲಿ ಗಾಬರಿ ಎಷ್ಟಿತ್ತೋ ಸಂತೋಷವೂ ಅಷ್ಟೇ ಇತ್ತು.

ಹೆಂಡತಿ: ಈಗ ಅರ್ಥ ಆಯ್ತಾ? ಇಷ್ಟು ವರ್ಷಕ್ಕೆ? ನಗಬೇಡಿ, ನಗಬೇಡಿ ಅಂತೀನಿ. ಲೋ, ಹೊಲಿಗೆ ನೋಡೋ, ನನಗೆ ಧೈರ್ಯ ಇಲ್ಲ.

ಬಾಮೈದ ಬಗ್ಗಿ, ದಿಂಬು ಎತ್ತಿ, ಅಂಗಿ ಸರಿಸಿ, ಪಟ್ಟಿಯನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿದ. ನೆಟ್ಟಗೆ ನಿಂತು, ಮಂಚದ ಹತ್ತಿರವಿದ್ದ ಔಷಧಿ ಚಮಚವನ್ನು ಮೈಕಿನ ಹಾಗೆ ಹಿಡಿದ.

ಬಾಮೈದ: ಸ್ಥಳದಲ್ಲಿ ಏನೂ ಆಗಿಲ್ಲ. ಹೊಲಿಗೆ ಇದ್ದಲ್ಲೇ ಇದೆ. ಸದ್ಯಕ್ಕೆ ಇಷ್ಟೇ ತಿಳಿದುಬಂದಿದೆ.

ತಮ್ಮನ ಕಾರ್ಯಕ್ರಮಕ್ಕೆ ಒಂದು ದಿನವೂ ನಗದ ಅಕ್ಕನ ಭುಜ ಮೆಲ್ಲಗೆ ಅಲ್ಲಾಡತೊಡಗಿತು.

ಟೈಲರ್: ಲೇ, ನೀನು ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಒಳಗೆ ಹೋಗಿ ಬಾಗಿಲು ಹಾಕ್ಕೋ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಓಡಿದಳು. ಚಿಲಕ ಬಿತ್ತು. ಅಡ್ಡಗೋಡೆಯ ಮೇಲೆ ಅವಳ ಭುಜ ಕುಣಿಯುತ್ತಿತ್ತು, ನಲ್ಲಿಯ ಸದ್ದನ್ನೂ ಮೀರಿ ಸೀಟಿ ಕೇಳುತ್ತಿತ್ತು. ತೊಳೆದ ತಟ್ಟೆಗಳನ್ನು ಒಂದೊಂದಾಗಿ ಸಿಂಕಿನ ಮೇಲಿನ ಹಲಗೆಯಲ್ಲಿ ಬೋರಲು ಹಾಕುತ್ತಿದ್ದಳು.