ನನ್ನ ರಾಶಿಗೆ ಹಿಡಿದ ಗ್ರಹಣ

ಸರಕಾರದ ಲೆಕ್ಕದಲ್ಲಿ ಮನುಷ್ಯ ಹದಿನೆಂಟಕ್ಕೆ ಪ್ರೌಢನಾಗುತ್ತಾನೆ. ನಮ್ಮ ಮನೆಯಲ್ಲಿ ಆ ಕಾಯಿದೆ ಇನ್ನೂ ಜಾರಿಗೆ ಬಂದಿಲ್ಲ. ನನಗೆ ನಲವತ್ತು ದಾಟಿದೆ, ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ, ಪುಣೆಯ ಕ್ಯಾಂಪ್ ಪೇಟೆಯ ನಮ್ಮ ಆಫೀಸಿನಲ್ಲಿ ನಾಲ್ಕು ಜನ ನನಗೆ ಹೆದರಿದಂತೆ ನಟಿಸುತ್ತಾರೆ. ಆದರೆ ಸಂಜೆ ಧನಕವಡಿಯ ಮನೆಯ ಹೊಸ್ತಿಲು ದಾಟಿದೊಡನೆ, ಕೈಕಾಲು ತೊಳೆದೆಯಾ ಎಂದು ಕೇಳಲು ಅವ್ವ ಇದ್ದಾಳೆ. ತೊಳೆದಿದ್ದರೂ ಇನ್ನೊಮ್ಮೆ ತೊಳೆಯುತ್ತೇನೆ. ಇಂಥವನು ಖಗ್ರಾಸ ಸೂರ್ಯಗ್ರಹಣವನ್ನು ಕಣ್ಣಾರೆ ನೋಡಬೇಕೆಂದು ಆಸೆಪಟ್ಟದ್ದೇ ಹೆಚ್ಚಾಯಿತು.

ಆಸೆ ಹಳೆಯದು. ನಾನು ಹುಡುಗನಾಗಿದ್ದಾಗ ಅಂಥದೊಂದು ಗ್ರಹಣ ನಮ್ಮ ಹುಬ್ಬಳ್ಳಿಯಲ್ಲೇ ಕಂಡಿತ್ತು. ಎಲ್ಲೆಲ್ಲಿಂದಲೋ ದುರ್ಬೀನು ಹೊತ್ತು ಜನ ಬಂದಿದ್ದರಂತೆ. ಅವ್ವ ನಮ್ಮನ್ನೆಲ್ಲ ದೇವರ ಮನೆಗೆ ತಳ್ಳಿ, ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲಿಗೆ ತಾನೇ ಅಡ್ಡ ಕೂತಿದ್ದಳು. ಸೂರ್ಯ ಪೂರ್ತಿ ಮುಚ್ಚಿದಾಗ ಜಗತ್ತು ಏನು ನೋಡಿತೋ, ನಾನು ನೋಡಿದ್ದು ಆ ಕಂಬಳಿಯ ಅಂಚನ್ನು. ಮುಂದೆ ತೊಂಬತ್ತೊಂಬತ್ತರಲ್ಲಿ, ಪುಣೆಯಲ್ಲಿ ಅರೆಬರೆ ಗ್ರಹಣವಾದರೂ ಕಂಡೀತೆಂದು ನಮ್ಮ ಹೌಸಿಂಗ್ ಸೊಸೈಟಿಯವರೆಲ್ಲ ಮಾಳಿಗೆಯ ಗಚ್ಚಿ ಹತ್ತಿದೆವು. ಆಗಸ್ಟ್ ತಿಂಗಳ ಮೋಡ. ಕೈಯಲ್ಲಿ ಹಿಡಿದ ಎಕ್ಸ್‌ರೇ ಹಾಳೆಯಲ್ಲಿ ಸೂರ್ಯ ಕಾಣಲಿಲ್ಲ. ಕೆಳಗಿನ ಮನೆಯ ಕಾಕಾ ಅವರ ಮುರಿದ ಪಕ್ಕೆಲುಬು ಮಾತ್ರ ಚೆನ್ನಾಗಿ ಕಂಡಿತು.

ಎರಡು ಸಾವಿರದ ಒಂಬತ್ತರಲ್ಲಿ ಗುಜರಾತಿನ ಕಡೆ ಖಗ್ರಾಸ ಕಾಣುತ್ತದೆಂದು ಪೇಪರಿನಲ್ಲಿ ಬಂತು. ನಾನು ಪೇಪರು ಓದುವ ಮೊದಲೇ ಅವ್ವ ಪಂಚಾಂಗ ನೋಡಿದ್ದಳು. ಗ್ರಹಣ ಕರ್ಕ ರಾಶಿಯಲ್ಲಿ. ನನ್ನದೂ ಕರ್ಕ. "ಊರ ಮಂದಿಯೆಲ್ಲ ನೋಡ್ಲಿ. ನಿನ್ನ ರಾಶಿಗೇ ಹಿಡೀಲಿಕ್ಕತ್ತದ, ನೀ ಮಾತ್ರ ನೋಡಬ್ಯಾಡ," ಎಂದಳು. ನಾನು ಉಪಾಯ ಹೂಡಿದೆ. ನೋಡುವ ಮಾತೇ ಎತ್ತದೆ, ನರ್ಮದಾ ನದಿಯ ನಡುವೆ ಪುಟ್ಟದೊಂದು ನಡುಗಡ್ಡೆ ಇದೆಯಂತೆ, ಅಲ್ಲಿ ಗ್ರಹಣಸ್ನಾನ ಮಾಡಿದರೆ ಎಷ್ಟು ಪುಣ್ಯವೋ ಎಂದೆ. ಅವ್ವ ಒಂದೇ ಮಾತಿಗೆ ಒಪ್ಪಿದಳು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ನನ್ನ ಹೆಂಡತಿ ಸುಮಾ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ಗ್ರಹಣ ಬಿಟ್ಟ ಮೇಲೆ ತಿನ್ನಲು ಅವಲಕ್ಕಿ ಕಟ್ಟಿಕೊಂಡು, ನಮ್ಮಿಬ್ಬರ ಮುಖ ನೋಡಿ ಸುಮ್ಮನೆ ನಕ್ಕಳು.

ಹಿಂದಿನ ಸಂಜೆಯೇ ಮೂವರೂ ದೋಣಿಯಲ್ಲಿ ದಾಟಿ ಗುಡಿಯ ಪಡಸಾಲೆಯಲ್ಲಿ ಉಳಿದೆವು. ನಡುಗಡ್ಡೆ ಎಂದರೆ ಎಷ್ಟು, ಒಂದು ಗುಡಿ, ನಾಲ್ಕು ಆಲದ ಮರ, ಒಂದು ಚಹಾದ ಗಾಡಿ. ತಪ್ಪಿಸಿಕೊಂಡು ಓಡಲು ಇಲ್ಲಿ ಜಾಗವೇ ಇಲ್ಲ ಎಂಬುದು ಅವ್ವನಿಗೆ ದೋಣಿ ಇಳಿದೊಡನೆ ಹೊಳೆದಿತ್ತು, ನನಗೆ ಹೊಳೆಯಲಿಲ್ಲ. ಬೆಳಗ್ಗೆ ಮೋಡವಿತ್ತು, ಅವ್ವನ ಮುಖದಲ್ಲಿ ನೆಮ್ಮದಿಯಿತ್ತು. ಸ್ನಾನ ಮುಗಿಸಿ ದಡದ ಮೆಟ್ಟಿಲ ಮೇಲೆ ನಿಂತು ಜಪ ಹಿಡಿದಳು. ನನಗಿಂತ ಒಂದು ಮೆಟ್ಟಿಲು ಮೇಲೆ ಏಕೆ ನಿಂತಳೆಂದು ಆಗ ತಿಳಿಯಲಿಲ್ಲ. ಅಷ್ಟರಲ್ಲಿ ಪೂರ್ವಕ್ಕೆ ಮೋಡ ಸರಿದು, ಯಾರೋ ಕಚ್ಚಿ ಬಿಟ್ಟ ಜೋಳದ ಭಕ್ಕರಿಯ ಹಾಗೆ ಸೂರ್ಯ ಕಾಣಿಸಿದ. ಟವೆಲ್ಲಿನಲ್ಲಿ ಬಚ್ಚಿಟ್ಟಿದ್ದ ರಟ್ಟಿನ ಕನ್ನಡಕ ತೆಗೆದು ಹಾಕಿಕೊಂಡೆ. ಅವ್ವ ಜಪ ಮುಂದುವರಿಸಿದಳು. ಭಕ್ಕರಿ ಎಳೆಯಷ್ಟಾಯಿತು, ಗಾಳಿ ತಣ್ಣಗಾಯಿತು, ಹಕ್ಕಿಗಳು ಗೂಡಿಗೆ ಮರಳಿದವು. ಪೂರ್ತಿ ಮುಚ್ಚಿದ ಮೇಲೆ ಬರಿಗಣ್ಣಲ್ಲೇ ನೋಡಬಹುದೆಂದು ಪೇಪರಿನಲ್ಲಿ ಬರೆದಿದ್ದರು. ಕನ್ನಡಕ ತೆಗೆದೆನೋ ಇಲ್ಲವೋ, ಒದ್ದೆ ಸೆರಗು ಸುತ್ತಿದ ಎರಡು ಕೈಗಳು ಹಿಂದಿನಿಂದ ಬಂದು ನನ್ನ ಕಣ್ಣು ಮುಚ್ಚಿದವು.

ಸುತ್ತಲೂ ಜನ ಹೋ ಎಂದರು. ಕೊಡವಿಕೊಳ್ಳಬಹುದಿತ್ತು. ಎಪ್ಪತ್ತು ದಾಟಿದ ಕೈಗೆ ಎಷ್ಟು ಬಲವಿದ್ದೀತು? ಆದರೆ ಕಿವಿಯ ಹಿಂದೆ ಅವಳ ಜಪ ತಡವರಿಸುತ್ತ ಓಡುತ್ತಿತ್ತು. ಅವ್ವ ನಿಜವಾಗಿ ಹೆದರಿದ್ದಳು, ನನಗೇನಾದರೂ ಆದೀತೆಂದು. ನನಗಾಗಿ ಹೀಗೆ ಹೆದರುವವರು ಇನ್ನೂ ಒಬ್ಬರಿದ್ದಾರಲ್ಲ ಅನ್ನಿಸಿತು. ಅಷ್ಟು ವರ್ಷದ ಆಸೆಯನ್ನು ನದಿಗೆ ಬಿಟ್ಟು ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಿಗೆ ಅವ್ವನ ಜಪ ನಿಂತಿತು.

"ಎಷ್ಟ ಛಂದ ಅದನೋ. ಕರೀ ಸೂರ್ಯ, ಸುತ್ತೆಲ್ಲ ಬೆಳ್ಳಿ. ಅವತ್ತ ನಿಮ್ಮನ್ನ ಒಳಗ ಕೂಡಿಸಬಾರದಿತ್ತು."

ಹೇಳಿದಳು ನಿಜ, ಕೈ ಮಾತ್ರ ತೆಗೆಯಲಿಲ್ಲ. ತೆಗೆದಾಗ ಬೆಳಕು ಮರಳಿತ್ತು.

ಪುಣೆ ಬರುವ ತನಕ ರೈಲಿನಲ್ಲಿ ಅತ್ತೆ ಸೊಸೆ ಅದನ್ನೇ ಮಾತಾಡಿದರು. ನಾನು ಬಾಯಿಪಾಠ ಮಾಡಿಕೊಂಡು ಆಫೀಸಿನಲ್ಲಿ ಒಪ್ಪಿಸಿದೆ. ನನ್ನ ವರ್ಣನೆಗೆ ಮರುಳಾದ ಸಹೋದ್ಯೋಗಿಯೊಬ್ಬರು ಮತ್ತೊಮ್ಮೆ ಕೇಳಲು ಮನೆಗೇ ಬಂದರು. ಮರಾಠಿಯಲ್ಲಿ ಭರ್ಜರಿಯಾಗಿ ಹೇಳುತ್ತಿದ್ದೆ. ಅವ್ವ ಚಹಾ ತಂದಿಟ್ಟವಳು, ಕೊನೆಗೆ ಉಂಗುರದ ಹರಳಿನಂತೆ ಒಂದು ಹನಿ ಬೆಳಕು ಹೊಳೆದದ್ದನ್ನು ಇವನು ಮರೆತ ಎಂದು ತಾನೇ ಮರಾಠಿಯಲ್ಲಿ ಸೇರಿಸಿ ಒಳಗೆ ಹೋದಳು. ನನ್ನ ಮಾನ ಉಳಿಸಿದಳೆಂದು ಹಿಗ್ಗಿದೆ. ಅವರು ಹೋದ ಮೇಲೆ ಗೊತ್ತಾಯಿತು.

"ನೋಡೀನಿ ನೋಡೀನಿ ಅಂತ ಊರಿಗೆಲ್ಲ ಹೇಳಿದ ಮ್ಯಾಲೆ ದೋಷ ಬಿಡ್ತದೇನು? ಶಾಂತಿ ಮಾಡಸೋಣು."

ಹೀಗಾಗಿ ನೋಡದ ಗ್ರಹಣದ ದೋಷ ಕಳೆಯಲು ನಾನು ಮಡಿಯುಟ್ಟು ಹೋಮದ ಮುಂದೆ ಕೂತೆ. ನೋಡಿದವರಿಬ್ಬರೂ ಒಳಗೆ ಹೋಳಿಗೆ ಮಾಡುತ್ತಿದ್ದರು. ಹೊಗೆಗೆ ಕಣ್ಣಲ್ಲಿ ಧಾರಾಕಾರ ನೀರು. ನಡುವೆ ಎದ್ದು ಬಂದ ಅವ್ವ, ಹಿಂದೆ ನಿಂತು ಸೆರಗಿನಿಂದ ನನ್ನ ಕಣ್ಣು ಒರೆಸತೊಡಗಿದಳು. ನಾನು ಮುಖ ಸ್ವಲ್ಪ ಮೇಲೆತ್ತಿ, ಅವಳಿಗೆ ಎಟುಕುವ ಹಾಗೆ ಕೂತೆ.