ಕರುವಿಗೆ ಧೈರ್ಯದ ಪಾಠ

ಹುಸೇನಬಿ: ಆ ಡಬ್ಬಿ ಕೆಳಗ ಇಡ್ರಿ ಅಂದೆ! ಮುಂಜಾನಿಂದ ಕರಾ ಹಾಲಿಗೆ ಬಾಯಿ ಹಚ್ಚಿಲ್ಲ.

ದಾದಾಸಾಬ: ಇದು ಕರಾ ಅಲ್ಲ, ನಾಳಿನ ಹೋರಿ! ದೀಪಾವಳಿ ಹೋರಿ ಓಟದಾಗ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಬಿಟ್ರ, ಪಟಾಕಿ ನಡುವ ಸರ ಕೀಳಾಕ ಬಂದ ಒಬ್ಬರ ಕೈಗೂ ಸಿಗದಂಗ ಓಡಬೇಕು. ಈಗಿಂದನ ಸಪ್ಪಳ ರೂಢಿ ಮಾಡಾಕತ್ತೇನಿ.

ಹುಸೇನಬಿ: ಇನ್ನೂ ಹೊಕ್ಕಳ ಒಣಗಿಲ್ಲ ಅದರದು!

ಕರ್ಜಗಿ ಊರಿನ ತನ್ನ ಮನೆಯ ಹಿತ್ತಲಲ್ಲಿ ದಾದಾಸಾಬ ಹೆಂಡತಿಯ ಮಾತಿಗೆ ಉತ್ತರವಾಗಿ ಎಣ್ಣೆ ಡಬ್ಬಿಯನ್ನು ಇನ್ನೊಮ್ಮೆ ಬಾರಿಸಿದ. ಕರು ರುಸ್ತುಂ ತಾಯಿಯ ಹೊಟ್ಟೆಯಡಿ ತೂರಿತು. ಹಸುವನ್ನು ನೋಡಲು ಬಂದಿದ್ದ ದನದ ಡಾಕ್ಟರು ಮಾಲತೇಶ ಕಿವಿ ಮುಚ್ಚಿಕೊಂಡರು.

ಮಾಲತೇಶ: ಸಾಕ ಮಾಡ್ರಿ, ದಾದಾಸಾಬ್ರ. ಎಳೇದಿದ್ದಾಗ ದಿನಾ ಬೆದರಿಸಿದ್ರ ಆ ಅಂಜಿಕಿ ರಕ್ತದಾಗ ಇಳೀತೈತಿ. ಬೆಳವಣಿಗಿ ಕುಂದತೈತಿ. ದೊಡ್ಡದಾದ ಮ್ಯಾಲೂ ಸಣ್ಣ ಸಪ್ಪಳಕ್ಕ ಎದಿ ಹೊಡ್ಕೊಂತೈತಿ. ಮನಸು ಮರತ್ರೂ ಮೈ ಮರಿಯಂಗಿಲ್ಲ.

ದಾದಾಸಾಬ: ಅವೆಲ್ಲಾ ಪುಸ್ತಕದ ಮಾತ್ರಿ! ನನ್ನ ನೋಡ್ರಿ. ಇನ್ನೂ ಅಂಬೆಗಾಲಿಡೋವಾಗ ನಮ್ಮ ಅಬ್ಬಾ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಪಟಾಕಿ ನಡುವ ನಿಲ್ತಿದ್ದ. ಕಿವಿ ಮುಚ್ಕೊಂಡ್ರ ಕೈ ಕಿತ್ತು ತಗೀತಿದ್ದ. ಈಗ ಯಾತಕ್ಕರ ಅಂಜತೇನೇನ್ರಿ?

ಹುಸೇನಬಿ: ಮತ್ತ ದೀಪಾವಳಿ ಬಂದ್ರ ಕೌದಿ ಹೊದ್ಕೊಂಡು ಮಲಗೋದ್ಯಾಕ?

ದಾದಾಸಾಬ: ಚಳಿ!

ಹುಸೇನಬಿ: ತಂಗಿ ಮದುವ್ಯಾಗ ಪಟಾಕಿ ಹಚ್ಚೂದ್ರಾಗ ಹಾವೇರಿ ಬಸ್ಸು ಹತ್ತಿದ್ದು?

ದಾದಾಸಾಬ: ಅರ್ಜೆಂಟ್ ಕೆಲಸ ಇತ್ತು!

ಮಾಲತೇಶ: ಹಂಗಾರ ಹಬ್ಬಕ್ಕ ಹೋರಿ ಹಿಡ್ಕೊಂಡು ಹೋಗಾವ್ರು ಯಾರ್ರಿ?

ದಾದಾಸಾಬ: ನಮ್ಮ ಅಳ್ಯಾ ನಾಸೀರ.

ಅಷ್ಟರಲ್ಲಿ ಬೀದಿಯಲ್ಲಿ ಹೋದ ಮೋಟರ್‌ಸೈಕಲ್ಲೊಂದು ‘ಢಮ್’ ಎಂದಿತು. ಡಬ್ಬಿ ಒಂದು ಕಡೆ, ದಾದಾಸಾಬ ಒಂದು ಕಡೆ. ನೋಡಿದರೆ ಅವನೂ ಹಸುವಿನ ಮರೆಯಲ್ಲಿ, ಕರುವಿನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ. ರುಸ್ತುಂ ಅವನ ಕಿವಿ ನೆಕ್ಕಿತು. ನಗಲು ಹೊರಟ ಹುಸೇನಬಿಗೆ ಗಂಡ ಕರುವನ್ನು ತಬ್ಬಿಕೊಂಡಿದ್ದು ಕಂಡು ಪಾಪ ಅನಿಸಿತು.

ದಾದಾಸಾಬ: ಡಾಕ್ಟರ್ರ... ಇದಕ್ಕೇನರ ಔಷಧ ಐತೇನ್ರಿ?

ಮಾಲತೇಶ: ತಾಯಿ ಕೂಡ ಬಿಡ್ರಿ, ಮೈ ತಿಕ್ಕರಿ, ಪ್ರೀತಿಲೆ ಮಾತಾಡಸ್ರಿ. ಸುಧಾರಸ್ತೈತಿ.

ದಾದಾಸಾಬ: ಕರಕ್ಕಲ್ರೀ, ನನಗ!

ಹುಸೇನಬಿ ಡಬ್ಬಿಯನ್ನು ಎತ್ತಿಕೊಂಡು ಗಂಡನ ಬೆನ್ನು ಸವರಿದಳು.

ಹುಸೇನಬಿ: ನಿಮ್ಮ ಔಷಧ ನನ್ನ ಕಡೆ ಐತಿ, ಏಳ್ರಿ. ರುಸ್ತುಂ ಮನ್ಯಾಗ ಹಾಯಾಗಿ ಹಾಲು ಕುಡೀಲಿ. ಬರೋ ಹಬ್ಬಕ್ಕ ಕೊಬ್ಬರಿ ಸರ ನಿಮ್ಮ ಕೊರಳಿಗೇ ಕಟ್ಟೂಣು. ಒಂದು ಪಟಾಕಿ ಹಚ್ಚಿದ್ರ ಸಾಕು, ಜಿಲ್ಲಾದಾಗ ಒಬ್ಬರ ಕೈಗೂ ಸಿಗಂಗಿಲ್ಲ!