ಒದ್ದೆಯಾಗದ ಅಂಗಿ

ಪಕ್ಕದ ಮನೆಯ ನಿವೃತ್ತ ಪೊಲೀಸಪ್ಪನಿಗೆ ಮಾತಾಡುವಾಗ ಕೈ ಬೀಸುವ ಚಟ ಇಲ್ಲದಿದ್ದರೆ ಆ ದಿನ ಪ್ರೊಫೆಸರ್ ಸಾಹೇಬರ ಮಾನ ಉಳಿಯುತ್ತಿತ್ತು.

ಬೆಳಗ್ಗೆ ಪೇಪರು ಕೇಳಲು ಬಂದ ಪೊಲೀಸಪ್ಪ, ಯಾವುದೋ ಕಾಲದಲ್ಲಿ ತಾನು ಕಳ್ಳನ ಕೊರಳಪಟ್ಟಿ ಹಿಡಿದ ಕತೆ ಹೇಳುತ್ತ ಕೈ ಬೀಸಿದರು. ಆರಿಹೋಗಿದ್ದ ಒಂದು ಲೋಟ ಚಹಾ ಪ್ರೊಫೆಸರರ ನೀಲಿ ಅಂಗಿಯ ಮೇಲೆ ಬಿತ್ತು.

"ಅಯ್ಯಯ್ಯೋ, ಮೇಷ್ಟ್ರೇ!"

ಆದರೆ ಚಹಾ ಅಂಗಿಗೆ ಅಂಟಲಿಲ್ಲ. ಮಣಿಮಣಿಯಾಗಿ ಉರುಳಿ, ಶಾಲೆ ಬಿಟ್ಟ ಮಕ್ಕಳ ಹಾಗೆ ಕೆಳಕ್ಕೆ ಓಡಿತು. ಪ್ರೊಫೆಸರರು ಎದೆ ಸವರಿಕೊಂಡರು. ಒಣಗಿದ ಬಟ್ಟೆ!

ಅವರು ರಾಸಾಯನಿಕ ಎಂಜಿನಿಯರಿಂಗ್ ಕಲಿಸುವವರು. ಕೂದಲೆಳೆಯನ್ನು ಸಾವಿರಾರು ಸಲ ಸೀಳಿದರೂ ಸಿಗದಷ್ಟು ಸಣ್ಣ ಕಣಗಳಿಂದ, ನೀರೇ ಹಿಡಿಯದ ಲೇಪ ಮಾಡಬೇಕೆಂದು ಅವರು ಹೊರಟಾಗ ತಲೆ ತುಂಬ ಕೂದಲಿತ್ತು. ಈಗ ಕೂದಲೂ ಇಲ್ಲ, ಲೇಪವೂ ಇಲ್ಲ. "ಇವರ ಕಣಗಳೂ ಕಾಣಲ್ಲ, ಫಲಿತಾಂಶವೂ ಕಾಣಲ್ಲ" ಎಂದು ಪ್ರಾಂಶುಪಾಲರು ಎದುರಿಗೇ ನಗುತ್ತಿದ್ದರು. ಅವತ್ತು ಸಂಜೆಯೊಳಗೆ ಪ್ರಯೋಗಾಲಯವನ್ನು ಪರೀಕ್ಷಾ ವಿಭಾಗಕ್ಕೆ ಬಿಟ್ಟುಕೊಡಬೇಕೆಂದು ಅಪ್ಪಣೆಯಾಗಿತ್ತು.

ಹಿಂದಿನ ದಿನ, ಇದೊಂದು ಕೊನೆಯ ಸಲ ಎಂದು ಬಿಸಿಗಿಟ್ಟ ದ್ರಾವಣವನ್ನು ಅವರು ಕಿಟಕಿಯಾಚೆ ನೋಡುತ್ತ ಮರೆತೇಬಿಟ್ಟಿದ್ದರು. ಎಷ್ಟು ಹೊತ್ತು ಕುದಿಯಿತೋ ದೇವರೇ ಬಲ್ಲ. ಆರಿದ ಮೇಲೆ ಎತ್ತಿಡಲು ಹೋಗಿ ಅಷ್ಟನ್ನೂ ಮೈಮೇಲೆ ಸುರಿದುಕೊಂಡರು. ಮನೆಗೆ ಬಂದು, ತೊಟ್ಟಿದ್ದ ನೀಲಿ ಅಂಗಿಯನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದರು. ಬೆಳಗ್ಗೆ ಕುರ್ಚಿಯ ಮೇಲೆ ಕಂಡ ನೀಲಿ ಅಂಗಿಯನ್ನು ತೊಟ್ಟಿದ್ದರು. ಬಟ್ಟೆಯನ್ನು ಅದಕ್ಕಿಂತ ಹೆಚ್ಚು ನೋಡುವ ಅಭ್ಯಾಸ ಅವರಿಗಿರಲಿಲ್ಲ.

ಅವರು ಬಚ್ಚಲ ಬಾಗಿಲಿಗೆ ಓಡಿದರು. "ಲೇ, ನಾನು ಗೆದ್ದೆ ಕಣೇ!"

"ಟವೆಲ್ ಮರೆತಿದ್ದೀನಿ, ಕೊಡ್ರೀ ಮೊದಲು!" ಎಂದರು ಒಳಗಿದ್ದ ಹೆಂಡತಿ.

ಟವೆಲ್ ಬಾಗಿಲಿಗೆ ಸಿಕ್ಕಿಸಿ ಪ್ರೊಫೆಸರರು ಕಾಲೇಜಿಗೆ ಹಾರಿದರು. ಪೊಲೀಸಪ್ಪನೂ ಚಪ್ಪಲಿ ಮೆಟ್ಟಿದರು. "ಸಾಕ್ಷಿ ಬೇಡ್ವಾ ಮೇಷ್ಟ್ರೇ? ಕಣ್ಣಾರೆ ಕಂಡೋನು ನಾನೊಬ್ಬನೇ."

ದಾರಿಯುದ್ದಕ್ಕೂ ಸಾಕ್ಷಿ ಸುಮ್ಮನಿರಲಿಲ್ಲ. ಹಾಲಿನವನನ್ನು ನಿಲ್ಲಿಸಿ ಅಂಗಿಯ ಮೇಲೆ ಒಂದು ಲೋಟ ಹಾಲು ಹೊಯ್ಯಿಸಿದರು. ಗೇಟಿನ ಕಾವಲುಗಾರ ತನ್ನ ನೀರಿನ ಬಾಟಲಿ ಖಾಲಿ ಮಾಡಿದ. ಸುದ್ದಿ ಪ್ರೊಫೆಸರರಿಗಿಂತ ಮುಂಚೆ ಮೆಟ್ಟಿಲು ಹತ್ತಿತು. ಭೌತಶಾಸ್ತ್ರದ ಮೇಡಂ "ಒಂದೇ ಒಂದು ಸಲ, ಸರ್" ಎಂದು ಮಜ್ಜಿಗೆ ಎರಚಿದರು. ಗುಮಾಸ್ತರು ಹಳೆಯ ಸೇಡೇನಾದರೂ ಇತ್ತೋ ಏನೋ, ಸಾರಿನ ಡಬ್ಬಿಯನ್ನೇ ಬೋರಲು ಹಾಕಿದರು. ಎದೆ ಒಣಗಿಯೇ ಇತ್ತು. ಪ್ಯಾಂಟು ಮಾತ್ರ ಮಳೆಗಾಲದ ಚರಂಡಿಯಂತಾಗಿತ್ತು. ಆದರೂ ಪ್ರೊಫೆಸರರ ಮುಖ ಮದುವೆ ಗಂಡಿನ ಹಾಗೆ ಬೆಳಗುತ್ತಿತ್ತು.

ಪ್ರಯೋಗಾಲಯದ ಬೀಗದ ಕೈ ಪಡೆಯಲು ಬಂದ ಪ್ರಾಂಶುಪಾಲರು ಗುಂಪನ್ನು ಸರಿಸಿ ಒಳಬಂದರು. ಮೇಜಿನ ಮೇಲಿದ್ದ ಮಸಿ ಸೀಸೆ ತೆಗೆದು ಅಂಗಿಯ ಮೇಲೆ ಬಗ್ಗಿಸಿದರು. ಮಸಿ ಜಾರಿ ಅವರದೇ ಬೂಟಿನ ಮೇಲೆ ಬಿತ್ತು.

"ಭಲೇ!" ಎಂದರು. "ತಪ್ಪಾಯ್ತು ಸರ್. ಈ ಕೋಣೆ ನಿಮ್ಮದೇ. ಎಲ್ಲಿ, ಬಿಚ್ಚಿ ಕೊಡಿ, ಗಾಜಿನ ಪೆಟ್ಟಿಗೆಯಲ್ಲಿ ಇಡಿಸೋಣ."

ಚಪ್ಪಾಳೆಯ ನಡುವೆ ಪ್ರೊಫೆಸರರು ಬನಿಯನ್ನಿನಲ್ಲಿ ನಿಂತರು. ಪ್ರಾಂಶುಪಾಲರು ಅಂಗಿಯನ್ನು ಬೆಳಕಿಗೆ ಹಿಡಿದು ಗುಂಡಿ ಸವರಿದರು. ಅವರ ಹುಬ್ಬು ಗಂಟಿಕ್ಕಿತು.

"ನನ್ನ ಅಳಿಯನ ಹತ್ರ ಇಂಥದ್ದೇ ಎರಡಿದೆಯಲ್ಲ? ಇದೇ ಗುಂಡಿ, ಇದೇ ಹೊಲಿಗೆ. ಕಲೆ ಅಂಟಲ್ಲ ಅಂತ ಅಂಗಡಿಯಲ್ಲೇ ಮಾರ್ತಾರೆ."

ಪ್ರೊಫೆಸರರು ಮನೆಗೆ ಫೋನ್ ಮಾಡಿದರು.

"ಓ, ಅದಾ? ಅಣ್ಣ ತಂದ್ಕೊಟ್ಟಿದ್ದು ರೀ," ಎಂದರು ಹೆಂಡತಿ. "ದಿನಾ ಏನಾದ್ರೂ ಚೆಲ್ಕೊಂಡು ಬರ್ತೀರಲ್ಲ ಅಂತ ಹುಡುಕಿ ತಂದಿದ್ದಾನೆ. ಬೇರೆ ಬಣ್ಣ ಆದ್ರೆ ನೀವು ಹಾಕ್ಕೊಳ್ಳಲ್ಲ ಅಂತ ನೀಲಿನೇ. ನಾನೇ ಕುರ್ಚಿ ಮೇಲಿಟ್ಟಿದ್ದೆ."

"ಮತ್ತೆ ನಿನ್ನೆ ಹಾಕಿದ್ದು?"

"ಅದರ ಸುದ್ದಿ ಎತ್ತಬೇಡಿ! ಒಗೆಯೋಣ ಅಂದ್ರೆ ಬಕೆಟ್ಟಿನಲ್ಲಿ ಮುಳುಗಲೇ ಇಲ್ಲ, ಬಾತುಕೋಳಿ ಥರ ತೇಲ್ತಿತ್ತು. ಹೋಗ್ಲಿ, ನೆಲ ಒರೆಸೋಕಾದ್ರೂ ಆಗತ್ತೆ ಅಂದ್ಕೊಂಡ್ರೆ ನೀರೇ ಹೀರಲ್ಲ. ಕಸದ ಗಾಡಿಗೆ ಹಾಕಿಬಿಟ್ಟೆ."

ಪ್ರೊಫೆಸರರು ಫೋನನ್ನು ಕಿವಿಗೆ ಒತ್ತಿ ಹಿಡಿದರು. "ಒಂದು ತೊಟ್ಟೂ ಹೀರಲಿಲ್ವಾ?"

"ಇಲ್ಲಾರೀ! ಅಂಥ ದರಿದ್ರ ಬಟ್ಟೆ ನಾನು ಹುಟ್ಟಿದ ಮೇಲೆ ನೋಡಿಲ್ಲ."

ಅವರ ಜೀವಮಾನದ ಕೆಲಸವನ್ನು ಇಷ್ಟು ಬಾಯಿತುಂಬ ಯಾರೂ ಹೊಗಳಿರಲಿಲ್ಲ. ಅವರು ಕಣ್ಣೊರೆಸಿಕೊಂಡರು.

"ಏನಂತೆ?" ಎಂದರು ಪ್ರಾಂಶುಪಾಲರು.

"ನನ್ನ ಲೇಪ ಗೆದ್ದಿದೆಯಂತೆ, ಸರ್."

"ಎಲ್ಲಿದೆ?"

"ಊರಾಚೆ, ಕಸದ ರಾಶಿಯಲ್ಲಿ."

ಪ್ರಾಂಶುಪಾಲರು ನಿಟ್ಟುಸಿರು ಬಿಟ್ಟು ಅಂಗೈ ಚಾಚಿದರು. ಪ್ರೊಫೆಸರರು ಒದ್ದೆ ಪ್ಯಾಂಟಿನ ಜೇಬಿನಿಂದ ಬೀಗದ ಕೈ ತೆಗೆದು ಅದರಲ್ಲಿಟ್ಟರು.

"ಆದ್ರೆ ಸರ್," ಎಂದರು, ಬನಿಯನ್ನಿನೊಳಗೆ ಎದೆ ಉಬ್ಬಿಸಿ, "ಎಂಥ ಮಳೆ ಬಂದ್ರೂ ಅದು ಅಲ್ಲಿ ಒದ್ದೆ ಮಾತ್ರ ಆಗಲ್ಲ!"